ಶ್ರೀಗಂಧದ ಬಿಸುಪು

ಬೇಸಗೆಯ ಮಧ್ಯಾಹ್ನ ಹಣೆಗೆ ಗಂಧ ಹಚ್ಚಿಕೊಂಡರೆ ಹಾಯೆನಿಸುತ್ತದೆ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ, ಗಂಧದ ಕೊರಡನ್ನು ತೇಯ್ದು, ಆ ನುಣುಪಾದ ಲೇಪವನ್ನು ಹಣೆಗೂ ಕೊರಳಿಗೂ ಸವರಿಕೊಳ್ಳುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಗಂಧವೆಂದರೆ ತಂಪು ಎಂಬ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಸುಗಂಧದ್ರವ್ಯಗಳನ್ನು ಬೆರೆಸುವುದನ್ನೇ ಕಸುಬಾಗಿ ಮಾಡಿಕೊಂಡಿರುವ ಪಾಶ್ಚಾತ್ಯ ಕುಶಲರನ್ನು ಕೇಳಿದರೆ ಅವರ ಮಾತೇ ಬೇರೆ. ನಿಂಬೆ, ಕಿತ್ತಳೆ, ಪುದೀನಗಳ ಕಂಪು ಅವರ ಎಣಿಕೆಯಲ್ಲಿ ತಂಪು. ಲವಂಗ, ದಾಲ್ಚಿನ್ನಿ, ಧೂಪ, ಶ್ರೀಗಂಧ ಇವುಗಳ ಕಂಪು ಬೆಚ್ಚನೆಯದು. ಹಾಲಿನಂತೆ ಮೃದು, ತುಸು ಸಿಹಿ, ಮರದ ಗುಣವುಳ್ಳದ್ದು, ಮೈಗೆ ಅಂಟಿಕೊಂಡು ಬಹಳ ಹೊತ್ತು ಉಳಿಯುವಂಥದ್ದು ಎಂದು ಶ್ರೀಗಂಧದ ಎಣ್ಣೆಯನ್ನು ಅವರು ವರ್ಣಿಸುತ್ತಾರೆ.

ಒಂದೇ ವಸ್ತು ತಂಪೂ ಹೌದು, ಬೆಚ್ಚಗೂ ಹೌದು ಎಂದರೆ ಹೇಗೆ? ಇಬ್ಬರಲ್ಲಿ ಒಬ್ಬರು ತಪ್ಪಿರಬೇಕೆಂದು ತೋರುವುದು ಸಹಜ. ಆದರೆ ಪರೀಕ್ಷಿಸಿ ನೋಡಿದರೆ ಇಬ್ಬರ ಮಾತಿಗೂ ಆಧಾರವುಂಟು. ಅಷ್ಟೇ ಅಲ್ಲ, ಎರಡಕ್ಕೂ ಮೂಲ ಒಂದೇ ಭೌತಕ್ರಿಯೆ. ಆ ಕ್ರಿಯೆಯ ಹೆಸರು ಆವಿಯಾಗುವಿಕೆ. ಅದನ್ನು ಅರಿತರೆ ಗಂಧದ ಗುಣ ತಿಳಿಯುವುದರ ಜೊತೆಗೆ, ಗಂಧದ ಮರಕ್ಕೆ ಒದಗಿರುವ ಕಷ್ಟಕ್ಕೂ ಕಾರಣ ಒಂದಿಷ್ಟು ತಿಳಿಯುತ್ತದೆ.

ಕಂಪೆಂದರೆ ಏನು?

ದೀಪದ ಬೆಳಕೂ ಗಂಟೆಯ ನಾದವೂ ಅಲೆಗಳಾಗಿ ನಮ್ಮನ್ನು ಸೇರುತ್ತವೆ. ಪರಿಮಳ ಹಾಗಲ್ಲ. ಮಲ್ಲಿಗೆಯ ಕಂಪು ಮೂಗಿಗೆ ಬಂತೆಂದರೆ ಮಲ್ಲಿಗೆಯ ಒಂದಿಷ್ಟು ದ್ರವ್ಯವೇ ಮೂಗಿನೊಳಕ್ಕೆ ಬಂದಿತೆಂದು ಅರ್ಥ. ಹೂವಿನ ಎಣ್ಣೆಯ ಅಣುಗಳು ದ್ರವವನ್ನು ತೊರೆದು ಗಾಳಿಗೆ ಹಾರಿ, ಗಾಳಿಯ ಜೊತೆಯಲ್ಲಿ ಸಾಗಿ, ಮೂಗಿನ ಮೇಲ್ಭಾಗದಲ್ಲಿರುವ ಘ್ರಾಣಕೋಶಗಳನ್ನು ಮುಟ್ಟಬೇಕು. ಮನುಷ್ಯರಲ್ಲಿ ಈ ಅಣುಗಳನ್ನು ಹಿಡಿಯುವ ಗ್ರಾಹಕಗಳಲ್ಲಿ ಸುಮಾರು ೪೦೦ ಬಗೆಗಳುಂಟು. ಈ ಗ್ರಾಹಕಗಳ ಜೀನುಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ೧೯೯೧ರಲ್ಲಿ ಕಂಡುಹಿಡಿದರು. ಅದಕ್ಕಾಗಿ ೨೦೦೪ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು.

ಹಾಗಾದರೆ ಪರಿಮಳದ ಮೊದಲ ಹೆಜ್ಜೆ ದ್ರವದಿಂದ ಅಣು ತಪ್ಪಿಸಿಕೊಂಡು ಹೊರಬೀಳುವುದು. ಎಲ್ಲ ಅಣುಗಳಿಗೂ ಇದು ಒಂದೇ ಸಮನೆ ಸುಲಭವಲ್ಲ. ಮೂರು ವಸ್ತುಗಳನ್ನು ಹೋಲಿಸಿ ನೋಡೋಣ. ನಿಂಬೆಯ ಸಿಪ್ಪೆಯಲ್ಲಿರುವ ಮುಖ್ಯ ತೈಲದ್ರವ್ಯ ಲಿಮೊನೀನ್. ಅದರ ಅಣುತೂಕ ೧೩೬, ಕುದಿಯುವ ಉಷ್ಣತೆ ಸುಮಾರು ೧೭೬ ಡಿಗ್ರಿ ಸೆಲ್ಸಿಯಸ್. ಲವಂಗದಲ್ಲಿರುವುದು ಯೂಜಿನಾಲ್, ಅಣುತೂಕ ೧೬೪, ಕುದಿಯುವುದು ಸುಮಾರು ೨೫೪ ಡಿಗ್ರಿಯಲ್ಲಿ. ಶ್ರೀಗಂಧದ ಎಣ್ಣೆಯ ಜೀವಾಳ ಸ್ಯಾಂಟಲಾಲ್. ಅದರಲ್ಲಿ ಆಲ್ಫಾ, ಬೀಟಾ ಎಂದು ಎರಡು ಮುಖ್ಯ ಬಗೆಗಳು. ಎರಡರ ಅಣುವಿನಲ್ಲೂ ಇಂಗಾಲದ ೧೫, ಜಲಜನಕದ ೨೪ ಮತ್ತು ಆಮ್ಲಜನಕದ ಒಂದು ಪರಮಾಣು ಇವೆ, ಅಣುತೂಕ ೨೨೦. ಆಲ್ಫಾ ಸ್ಯಾಂಟಲಾಲ್ ಕುದಿಯಬೇಕಾದರೆ ಉಷ್ಣತೆ ೩೦೦ ಡಿಗ್ರಿ ದಾಟಬೇಕು. ಎಣ್ಣೆಯಲ್ಲಿ ಆಲ್ಫಾ ಹೆಚ್ಚು, ಬೀಟಾ ಕಡಿಮೆ. ಆದರೂ ನಾವು ಗಂಧವೆಂದು ಗುರುತಿಸುವ ಕಂಪಿನಲ್ಲಿ ಬೀಟಾದ ಪಾಲೇ ಹಿರಿದು.

ವೇಗವಲ್ಲ, ಬಿಡುಗಡೆ

ಗಂಧದ ಅಣು ಭಾರವಾದ್ದರಿಂದ ನಿಧಾನವಾಗಿ ಚಲಿಸುತ್ತದೆ, ಅದಕ್ಕೇ ಅದರ ಕಂಪು ಬಹಳ ಹೊತ್ತು ನಿಲ್ಲುತ್ತದೆ ಎಂದು ವಿದ್ಯಾರ್ಥಿಗಳು ಒಮ್ಮೆಗೇ ಹೇಳಿಬಿಡುವುದುಂಟು. ಲೆಕ್ಕ ಮಾಡಿ ನೋಡಿದರೆ ಈ ಉತ್ತರ ಸಾಲದು. ಅನಿಲಗಳ ಚಲನಸಿದ್ಧಾಂತದ ಪ್ರಕಾರ ಅಣುಗಳ ಸರಾಸರಿ ವೇಗ ಅಣುತೂಕದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಕೋಣೆಯ ಉಷ್ಣತೆಯಲ್ಲಿ ಲಿಮೊನೀನಿನ ಅಣು ಸೆಕೆಂಡಿಗೆ ಸುಮಾರು ೨೩೦ ಮೀಟರ್ ವೇಗದಿಂದ ಓಡಿದರೆ, ಸ್ಯಾಂಟಲಾಲಿನ ಅಣು ಸುಮಾರು ೧೮೦ ಮೀಟರ್ ವೇಗದಿಂದ ಓಡುತ್ತದೆ. ಅಂತರ ಕಾಲುಭಾಗಕ್ಕಿಂತಲೂ ಕಡಿಮೆ. ಆದರೆ ನಿಂಬೆಯ ಕಂಪು ಗಂಟೆಯೊಳಗೆ ಮಾಯವಾಗುತ್ತದೆ. ಗಂಧದ್ದು ದಿನಗಟ್ಟಲೆ ಉಳಿಯುತ್ತದೆ. ಇಷ್ಟು ದೊಡ್ಡ ಅಂತರಕ್ಕೆ ವೇಗ ಕಾರಣವಾಗಲಾರದು.

ಕಾರಣವಿರುವುದು ಬಿಡುಗಡೆಯಲ್ಲಿ. ಎತ್ತರವಾದ ಗೋಡೆಯಿಂದ ಸುತ್ತುವರಿದ ಅಂಗಳದಲ್ಲಿ ಸಾವಿರಾರು ಹುಡುಗರು ಎಡೆಬಿಡದೆ ಕುಪ್ಪಳಿಸುತ್ತಿದ್ದಾರೆಂದು ಭಾವಿಸಿರಿ. ಎಲ್ಲರ ನೆಗೆತವೂ ಒಂದೇ ಎತ್ತರದ್ದಲ್ಲ; ಗೋಡೆಯನ್ನು ಹಾರಿ ಹೊರಬೀಳಬಲ್ಲವರು ಕೆಲವರೇ. ಗೋಡೆ ಎರಡು ಪಟ್ಟು ಎತ್ತರವಾದರೆ ಹೊರಬೀಳುವವರು ಅರ್ಧಕ್ಕಿಳಿಯುವುದಿಲ್ಲ. ಸಾವಿರದಲ್ಲಿ ಒಬ್ಬರಿಗೆ, ಹತ್ತು ಸಾವಿರದಲ್ಲಿ ಒಬ್ಬರಿಗೆ ಇಳಿದಾರು. ದ್ರವದಲ್ಲಿ ಅಣುಗಳ ಪರಸ್ಪರ ಆಕರ್ಷಣೆಯೇ ಈ ಗೋಡೆ. ಸ್ಯಾಂಟಲಾಲಿನ ಅಣು ದೊಡ್ಡದಾದ್ದರಿಂದ ನೆರೆಯ ಅಣುಗಳ ಹಿಡಿತ ಅದರ ಮೇಲೆ ಬಲವಾಗಿದೆ. ಇದರ ಜೊತೆಗೆ ಅದರ ತುದಿಯಲ್ಲಿ ಆಮ್ಲಜನಕ ಮತ್ತು ಜಲಜನಕದ ಒಂದು ಜೋಡಿಯುಂಟು. ನೀರಿನ ಅಣುಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಜಲಜನಕ ಬಂಧವೇ ಇಲ್ಲಿಯೂ ಅಣುಗಳನ್ನು ಕಟ್ಟಿಹಾಕುತ್ತದೆ. ಇವೆರಡೂ ಸೇರಿ, ಕೋಣೆಯ ಉಷ್ಣತೆಯಲ್ಲಿ ಸ್ಯಾಂಟಲಾಲಿನ ಆವಿಯ ಒತ್ತಡ ಲಿಮೊನೀನಿನದಕ್ಕಿಂತ ಸಾವಿರಾರು ಪಟ್ಟು ಕಡಿಮೆಯಾಗಿದೆ. ಒಂದು ಹನಿಯಿಂದ ಅಣುಗಳು ಹೊರಬೀಳುವುದು ಅಷ್ಟು ಮೆಲ್ಲಗೆ. ಆದ್ದರಿಂದ ಹನಿ ಬರಿದಾಗಲು ಅಷ್ಟು ದೀರ್ಘಕಾಲ ಬೇಕು.

ಓದುಗರು ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಒತ್ತುಕಾಗದದ ಮೂರು ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಒಂದರ ಮೇಲೆ ನಿಂಬೆಯ ಸಿಪ್ಪೆಯನ್ನು ಮಡಿಸಿ ಹಿಂಡಿ, ಇನ್ನೊಂದಕ್ಕೆ ಒಂದು ಹನಿ ಲವಂಗದ ಎಣ್ಣೆಯನ್ನೂ ಮತ್ತೊಂದಕ್ಕೆ ಒಂದು ಹನಿ ಅಪ್ಪಟ ಗಂಧದ ಎಣ್ಣೆಯನ್ನೂ ಹಾಕಿರಿ. ಮೂರನ್ನೂ ದೂರದೂರ ಇಟ್ಟು, ಹತ್ತು ನಿಮಿಷ, ಒಂದು ಗಂಟೆ, ಒಂದು ದಿನ, ಒಂದು ವಾರ ಕಳೆದ ಮೇಲೆ ಮೂಸಿ ನೋಡಿ ಬರೆದಿಡಿರಿ. ಒಂದೇ ಸಮನೆ ಮೂಸುತ್ತಿದ್ದರೆ ಮೂಗು ಒಗ್ಗಿಹೋಗಿ, ಇರುವ ಕಂಪೂ ಇಲ್ಲವೆನಿಸುತ್ತದೆ. ನಡುನಡುವೆ ಹೊರಗಿನ ಗಾಳಿಗೆ ಹೋಗಿ ಬರಬೇಕು. ನಿಂಬೆ ಮೊದಲು ಬೀಳ್ಕೊಳ್ಳುತ್ತದೆ. ಲವಂಗ ಅದಕ್ಕಿಂತ ಎಷ್ಟೋ ಹೊತ್ತು ನಿಲ್ಲುತ್ತದೆ. ವಾರದ ಕೊನೆಗೂ ತಾನಿದ್ದೇನೆಂದು ಹೇಳುವುದು ಗಂಧ.

ತಂಪು ಎಲ್ಲಿಯದು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗಂಧದ ಲೇಪದಲ್ಲಿ ಇರುವುದು ಮರದ ನುಣ್ಣನೆಯ ಪುಡಿ, ಅದರೊಳಗಿನ ಒಂದಿಷ್ಟು ಎಣ್ಣೆ ಮತ್ತು ಬಹುಪಾಲು ನೀರು. ಗೋಡೆ ಹಾರುವವರು ಅಂಗಳದ ಅತ್ಯಂತ ಚುರುಕಾದ ಹುಡುಗರೇ ಅಲ್ಲವೆ? ಅವರು ಹೊರಟುಹೋದರೆ ಉಳಿದವರ ಸರಾಸರಿ ಚುರುಕು ತಗ್ಗುತ್ತದೆ. ದ್ರವವೂ ಹೀಗೆಯೇ ಆವಿಯಾಗುತ್ತಾ ತಣ್ಣಗಾಗುತ್ತದೆ. ಮೈಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು ೫೮೦ ಕ್ಯಾಲೊರಿ, ಎಂದರೆ ಸುಮಾರು ೨,೪೦೦ ಜೂಲ್, ಗುಪ್ತೋಷ್ಣ ಬೇಕು. ಆ ಶಾಖದ ಬಹುಭಾಗವನ್ನು ಅದು ನಮ್ಮ ಚರ್ಮದಿಂದಲೇ ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣದಿಂದ. ಗಂಧದ ಪುಡಿಯ ಉಪಕಾರವೆಂದರೆ ಅದು ನೀರನ್ನು ಹರಿದುಹೋಗಗೊಡದೆ ತೆಳುವಾದ ಪದರವಾಗಿ ಚರ್ಮದ ಮೇಲೆ ಹಿಡಿದಿಡುತ್ತದೆ.

ಇದಕ್ಕೂ ಒಂದು ಪ್ರಯೋಗವುಂಟು. ಒಂದೇ ಬಗೆಯ ಎರಡು ಉಷ್ಣತಾಮಾಪಕಗಳನ್ನು ತೆಗೆದುಕೊಂಡು, ಒಂದರ ಬುರುಡೆಗೆ ಗಂಧದ ಲೇಪವನ್ನೂ ಇನ್ನೊಂದರ ಬುರುಡೆಗೆ ಗಂಧದ ಎಣ್ಣೆಯನ್ನೂ ತೆಳುವಾಗಿ ಸವರಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿರಿ. ಲೇಪವಿರುವುದರಲ್ಲಿ ಉಷ್ಣತೆ ಕಣ್ಣೆದುರಿಗೇ ಇಳಿಯುತ್ತದೆ. ಲೇಪ ಒಣಗಿದ ಮೇಲೆ ಮತ್ತೆ ಮೊದಲಿನ ಮಟ್ಟಕ್ಕೆ ಏರುತ್ತದೆ. ಎಣ್ಣೆ ಸವರಿದ್ದರಲ್ಲಿ ಕಾಣುವಂಥ ಬದಲಾವಣೆಯೇ ಇರುವುದಿಲ್ಲ. ಎಣ್ಣೆ ಆವಿಯಾಗುವ ಪ್ರಮಾಣ ಅಷ್ಟು ಅಲ್ಪ. ಆದುದರಿಂದ ಲೇಪದ ತಂಪು ನೀರಿನದು. ಕಂಪು ಮಾತ್ರ ಗಂಧದ್ದು. ನೀರು ಬೇಗ ಹಾರಿ ತಂಪನ್ನು ಕೊಟ್ಟು ಹೋಗುತ್ತದೆ. ಎಣ್ಣೆ ಹಿಂದೆ ಉಳಿದು ಕಂಪನ್ನು ಕೊಡುತ್ತಲೇ ಇರುತ್ತದೆ.

ಬಿಸುಪು ಎಲ್ಲಿಯದು?

ಕಂಪಿನಲ್ಲಿ ನಿಜವಾಗಿಯೂ ಬಿಸಿ ತಂಪುಗಳು ಇರಬಲ್ಲವೆ? ಕೆಲವದರಲ್ಲಿ ಇರಬಲ್ಲವು. ಪುದೀನದ ಮೆಂಥಾಲ್ ನಮ್ಮ ನರಗಳಲ್ಲಿ ಚಳಿಯನ್ನು ಅರಿಯುವ ಗ್ರಾಹಕವನ್ನೇ ಕೆಣಕುತ್ತದೆ. ಉಷ್ಣತೆ ಒಂದು ಡಿಗ್ರಿಯೂ ಇಳಿಯದಿದ್ದರೂ ಮೆದುಳಿಗೆ ತಂಪೆಂಬ ಸುದ್ದಿ ಮುಟ್ಟುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೀಗೆಯೇ ಬಿಸಿಯನ್ನು ಅರಿಯುವ ಗ್ರಾಹಕವನ್ನು ಕೆಣಕುತ್ತದೆ. ಈ ಗ್ರಾಹಕಗಳ ಶೋಧಕ್ಕಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ ೨೦೨೧ರ ನೊಬೆಲ್ ಬಹುಮಾನ ಸಂದಿತು. ಆದರೆ ಶ್ರೀಗಂಧವನ್ನು ಮೂಸಿದಾಗ ಮೂಗಿನಲ್ಲಿ ಉರಿಯೂ ಇಲ್ಲ, ಚಳಿಯೂ ಇಲ್ಲ. ಅದನ್ನು ಬೆಚ್ಚನೆಯದೆಂದು ಕರೆಯುವುದು ಒಂದು ರೂಪಕ. ರೂಪಕವೇ ಆದರೂ ಅದರ ಅಡಿಯಲ್ಲಿ ಒಂದು ಭೌತಸತ್ಯವಿದೆ.

ಅಂಗಳದ ಹುಡುಗರನ್ನೇ ಮತ್ತೆ ನೆನೆಯೋಣ. ಎಲ್ಲರಿಗೂ ತುಸು ಹುರುಪು ಹೆಚ್ಚಿತೆನ್ನಿ. ಗೋಡೆ ಗಿಡ್ಡವಾಗಿದ್ದರೆ ಹೊರಬೀಳುವವರ ಸಂಖ್ಯೆ ಸ್ವಲ್ಪ ಏರುತ್ತದೆ. ಗೋಡೆ ಎತ್ತರವಾಗಿದ್ದರೆ ಮೊದಲು ಹೊರಬೀಳುತ್ತಿದ್ದವರು ಬೆರಳೆಣಿಕೆಯವರಾದ್ದರಿಂದ, ಅವರ ಸಂಖ್ಯೆ ಹಲವು ಪಟ್ಟಾಗುತ್ತದೆ. ಎಂದರೆ ಆವಿಯಾಗಲು ಹೆಚ್ಚು ಶಾಖ ಬೇಡುವ ವಸ್ತುವಿನ ಮೇಲೆ ಉಷ್ಣತೆಯ ಏರಿಕೆಯ ಪರಿಣಾಮವೂ ಹೆಚ್ಚು. ಉಷ್ಣಗತಿಶಾಸ್ತ್ರದಲ್ಲಿ ಕ್ಲೌಸಿಯಸ್ ಮತ್ತು ಕ್ಲಾಪೇರಾನ್ ಇವರ ಹೆಸರಿನ ಸಮೀಕರಣ ಹೇಳುವುದೂ ಇದನ್ನೇ. ೨೦ ಡಿಗ್ರಿಯ ಕೋಣೆಯಿಂದ ೩೩ ಡಿಗ್ರಿಯ ಚರ್ಮಕ್ಕೆ ಬಂದಾಗ ಲಿಮೊನೀನಿನ ಆವಿಯ ಒತ್ತಡ ಸುಮಾರು ಎರಡು ಪಟ್ಟಾದರೆ, ಸ್ಯಾಂಟಲಾಲಿನದು ಅದಕ್ಕೂ ಹೆಚ್ಚಿನ ಪಟ್ಟಿನಲ್ಲಿ ಏರುತ್ತದೆ.

ಇದರ ಫಲವೇನು? ಸೀಸೆಯಲ್ಲಿ ಮೌನವಾಗಿರುವ ಗಂಧದ ಎಣ್ಣೆ ಮಣಿಕಟ್ಟಿನ ಮೇಲೆ ಮಾತನಾಡತೊಡಗುತ್ತದೆ. ನಾಡಿ ಮಿಡಿಯುವ ಕಡೆ, ಕಿವಿಯ ಹಿಂದೆ, ಕೊರಳಿನಲ್ಲಿ ಸುಗಂಧವನ್ನು ಸವರಿಕೊಳ್ಳುವ ಪದ್ಧತಿಗೆ ಅರ್ಥವಿರುವುದು ಇಲ್ಲಿಯೇ. ನಿಂಬೆಯ ಕಂಪು ಮೈಯ ಬಿಸಿಗಾಗಿ ಕಾಯುವುದಿಲ್ಲ, ಗಂಧದ್ದು ಕಾಯುತ್ತದೆ. ನಾವು ಅದನ್ನು ಹೆಚ್ಚಾಗಿ ಅನುಭವಿಸುವುದು ಮೈಗೆ ಹತ್ತಿರವಾಗಿ, ಬೆಚ್ಚಗಿರುವೆಡೆಯಲ್ಲಿ, ನಿಧಾನವಾಗಿ. ಧೂಪದ ಕೆಂಡವಾಗಲಿ, ಊದುಬತ್ತಿಯ ತುದಿಯಾಗಲಿ, ಸಾಣೆಕಲ್ಲಿನ ಮೇಲೆ ಉಜ್ಜುವ ಕೈಯ ಶ್ರಮವಾಗಲಿ, ಯಾವುದಾದರೊಂದು ರೂಪದ ಶಾಖ ಅದನ್ನು ಎಬ್ಬಿಸುತ್ತದೆ. ಅದಕ್ಕೆ ಬೆಚ್ಚನೆಯದೆಂಬ ಹೆಸರು ಬಂದುದರಲ್ಲಿ ಆಶ್ಚರ್ಯವಿಲ್ಲ.

ಇತರ ಕಂಪುಗಳಿಗೆ ಆಸರೆ

ಬೆಲೆಬಾಳುವ ಸುಗಂಧವೊಂದನ್ನು ಹಚ್ಚಿಕೊಂಡಾಗ ಅದರ ಪರಿಮಳ ಗಳಿಗೆ ಗಳಿಗೆಗೂ ಬದಲಾಗುತ್ತದೆ. ಮೊದಲು ಏಳುವುದು ನಿಂಬೆಜಾತಿಯ ಹಗುರ ಕಂಪು. ನಡುವೆ ಹೂವಿನ ಕಂಪು. ಕೊನೆಯಲ್ಲಿ ಉಳಿಯುವುದು ಮರ, ಅಂಟು, ಧೂಪಗಳ ತಳದ ಕಂಪು. ಶ್ರೀಗಂಧದ ಸ್ಥಾನ ಈ ತಳದಲ್ಲಿ. ಅದು ತಾನು ಉಳಿಯುವುದಲ್ಲದೆ ಇತರರನ್ನೂ ಉಳಿಸುತ್ತದೆ. ದ್ರಾವಣದಲ್ಲಿ ಪ್ರತಿಯೊಂದು ವಸ್ತುವಿನ ಆವಿಯ ಒತ್ತಡವೂ, ಅದು ಒಂಟಿಯಾಗಿದ್ದಾಗ ಇದ್ದುದಕ್ಕಿಂತ ತಗ್ಗುತ್ತದೆ ಎಂಬ ರೌಲ್ಟನ ನಿಯಮವನ್ನು ಕಾಲೇಜು ವಿದ್ಯಾರ್ಥಿಗಳು ಬಲ್ಲರು. ಹೂವಿನ ಚಂಚಲ ಅಣುಗಳು ಗಂಧದ ಎಣ್ಣೆಯಲ್ಲಿ ಕರಗಿದಾಗ ಅವುಗಳ ಹಾರಾಟವೂ ನಿಧಾನವಾಗುತ್ತದೆ.

ಉತ್ತರಪ್ರದೇಶದ ಕನೌಜಿನ ಅತ್ತರು ಮಾಡುವವರು ಈ ಗುಣವನ್ನು ರೌಲ್ಟನಿಗಿಂತ ಬಹಳ ಮೊದಲೇ ಬಳಸಿಕೊಂಡಿದ್ದರು. ತಾಮ್ರದ ಹಂಡೆಯಲ್ಲಿ ಗುಲಾಬಿಯನ್ನೋ ಕೇದಗೆಯನ್ನೋ ನೀರಿನೊಡನೆ ಕಾಯಿಸಿ, ಬಿದಿರಿನ ಕೊಳವೆಯ ಮೂಲಕ ಆವಿಯನ್ನು ಇನ್ನೊಂದು ಪಾತ್ರೆಗೆ ಹಾಯಿಸುತ್ತಾರೆ. ಆ ಪಾತ್ರೆಯಲ್ಲಿ ಮೊದಲೇ ಕಾದಿರುವುದು ಗಂಧದ ಎಣ್ಣೆ. ಹೂವಿನ ಕಂಪು ಅದರಲ್ಲಿ ಸೆರೆಯಾಗುತ್ತದೆ. ಒಣಮಣ್ಣಿನ ಬಿಲ್ಲೆಗಳನ್ನೇ ಹೀಗೆ ಬಟ್ಟಿ ಇಳಿಸಿ, ಮೊದಲ ಮಳೆಯ ವಾಸನೆಯನ್ನು ಗಂಧದೆಣ್ಣೆಯಲ್ಲಿ ಹಿಡಿದಿಡುವ ಮಣ್ಣಿನ ಅತ್ತರೂ ಅಲ್ಲಿ ಪ್ರಸಿದ್ಧವಾಗಿದೆ. ಗಂಧದೆಣ್ಣೆಯ ಬೆಲೆ ಏರಿದ ಮೇಲೆ ಅನೇಕರು ಅದರ ಬದಲು ಅಗ್ಗದ, ವಾಸನೆಯಿಲ್ಲದ ದ್ರವಗಳನ್ನು ಬಳಸತೊಡಗಿದ್ದಾರೆ.

ಮುನ್ನೂರು ಡಿಗ್ರಿಯ ಎಣ್ಣೆ, ನೂರು ಡಿಗ್ರಿಯ ಹಬೆ

ಇಷ್ಟು ಹಟಮಾರಿಯಾದ ಎಣ್ಣೆಯನ್ನು ಮರದಿಂದ ಬಿಡಿಸುವುದು ಹೇಗೆ? ೩೦೦ ಡಿಗ್ರಿಗೆ ಕಾಯಿಸಿದರೆ ಮರ ಕರಿದುಹೋಗುತ್ತದೆ. ಇಲ್ಲಿ ನೆರವಿಗೆ ಬರುವುದು ನೀರಿನ ಹಬೆ. ಒಂದರಲ್ಲೊಂದು ಬೆರೆಯದ ಎರಡು ದ್ರವಗಳು ಒಟ್ಟಿಗಿದ್ದಾಗ, ಎರಡರ ಆವಿಯ ಒತ್ತಡಗಳೂ ಕೂಡಿ ವಾಯುಮಂಡಲದ ಒತ್ತಡಕ್ಕೆ ಸಮನಾದರೆ ಸಾಕು, ಕುದಿತ ಮೊದಲಾಗುತ್ತದೆ. ಆದ್ದರಿಂದ ನೀರಿನ ಜೊತೆಯಲ್ಲಿ ಗಂಧದ ಎಣ್ಣೆ ೧೦೦ ಡಿಗ್ರಿಯ ಆಸುಪಾಸಿನಲ್ಲಿಯೇ ಆವಿಯಾಗಿ ಬರುತ್ತದೆ. ಆದರೆ ಆವಿಯಲ್ಲಿ ಅದರ ಪಾಲು ಅತ್ಯಲ್ಪ. ಬಹಳ ಹಬೆ ಹರಿದರೆ ಸ್ವಲ್ಪ ಎಣ್ಣೆ. ಹೀಗಾಗಿ ಗಂಧದ ಬಟ್ಟಿ ಗಂಟೆಗಳಲ್ಲಿ ಮುಗಿಯದೆ ಎರಡು ಮೂರು ದಿನ ನಡೆಯಬೇಕಾಗುತ್ತದೆ.

ನಮ್ಮ ನಾಡಿನಲ್ಲಿ ಆಧುನಿಕ ರೀತಿಯಲ್ಲಿ ಈ ಕೆಲಸ ನೆಲೆಗೊಂಡುದು ಒಂದು ಯುದ್ಧದ ದೆಸೆಯಿಂದ. ಮೈಸೂರು ಸಂಸ್ಥಾನದ ಗಂಧದ ಮರ ಮೊದಲು ಹರಾಜಾಗಿ ಹಡಗಿನಲ್ಲಿ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಾಗ ಈ ವ್ಯಾಪಾರ ಕಡಿದುಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳ ನೆರವಿನಿಂದ ೧೯೧೬ರಲ್ಲಿ ಇಲ್ಲಿಯೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಮೈಸೂರಿನ ಗಂಧದೆಣ್ಣೆಯ ಕಾರ್ಖಾನೆಯೂ ಮುಂದೆ ಹೆಸರಾದ ಮೈಸೂರು ಸ್ಯಾಂಡಲ್ ಸಾಬೂನೂ ಆ ಪ್ರಯತ್ನದ ಫಲಗಳು.

ಮರದ ನಿಧಾನ

ಎಣ್ಣೆ ನಿಧಾನ, ಬಟ್ಟಿ ನಿಧಾನ; ಇವೆರಡಕ್ಕಿಂತಲೂ ನಿಧಾನ ಮರದ್ದು. ಗಂಧದ ಗಿಡದ ಎಲೆಯಲ್ಲಾಗಲಿ ತೊಗಟೆಯಲ್ಲಾಗಲಿ ಈ ಕಂಪಿಲ್ಲ. ಕಾಂಡದ ಹೊರಭಾಗದ ಬಿಳಿಯ ಮರದಲ್ಲಿಯೂ ಇಲ್ಲ. ಒಳಗಿನ ಕಂದುಬಣ್ಣದ ಚೇಗಿನಲ್ಲಿ ಮತ್ತು ಬೇರಿನಲ್ಲಿ ಮಾತ್ರ ಎಣ್ಣೆ ಕೂಡುತ್ತದೆ. ಸಾಮಾನ್ಯವಾಗಿ ಗಿಡಕ್ಕೆ ಹತ್ತು ವರ್ಷವಾದರೂ ತುಂಬಿದ ಮೇಲೆ ಚೇಗು ಮೂಡತೊಡಗುತ್ತದೆ. ಒಳ್ಳೆಯ ಎಣ್ಣೆ ತುಂಬಲು ಮೂವತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು. ಸಾಲದುದಕ್ಕೆ ಇದು ಪೂರ್ಣ ಸ್ವಾವಲಂಬಿಯಾದ ಮರವೂ ಅಲ್ಲ. ತನ್ನ ಬೇರುಗಳನ್ನು ನೆರೆಯ ಗಿಡಗಳ ಬೇರುಗಳಿಗೆ ಕಚ್ಚಿಸಿ ನೀರನ್ನೂ ಲವಣಗಳನ್ನೂ ಹೀರಿಕೊಳ್ಳುವ ಅರೆಪರಾವಲಂಬಿ ಇದು. ಆದ್ದರಿಂದಲೇ ಸಸಿ ಬೆಳೆಸುವವರು ಅದರ ಪಕ್ಕದಲ್ಲಿ ತೊಗರಿಯಂಥ ಗಿಡವೊಂದನ್ನು ನೆಡುತ್ತಾರೆ.

ಮೂವತ್ತು ವರ್ಷದ ಗಳಿಕೆಯನ್ನು ಒಂದು ಗರಗಸ ಒಂದೇ ರಾತ್ರಿಯಲ್ಲಿ ಅಪಹರಿಸಬಲ್ಲದು. ಗಂಧದ ಕಾಡುಗಳು ಬರಿದಾದ ಬಗೆ ಬಹಳಮಟ್ಟಿಗೆ ಇದೇ. ರೋಗವೂ ಕೈಸೇರಿಸಿತು. ಎಲೆಗಳು ಕಿರಿದಾಗಿ ಮುಳ್ಳಿನಂತೆ ನಿಮಿರಿನಿಂತು, ಕೆಲವೇ ವರ್ಷಗಳಲ್ಲಿ ಮರವನ್ನು ಕೊಲ್ಲುವ ‘ಸ್ಪೈಕ್’ ಎಂಬ ರೋಗವನ್ನು ೧೮೯೯ರಲ್ಲಿ ಕೊಡಗಿನಲ್ಲಿ ಗುರುತಿಸಲಾಯಿತು. ಕೋಶಭಿತ್ತಿಯಿಲ್ಲದ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಅದಕ್ಕೆ ಕಾರಣ. ರಸ ಹೀರುವ ಕೀಟಗಳು ಅದನ್ನು ಹರಡುತ್ತವೆ. ಕಾನೂನಿನ ಫಲವೂ ವಿಚಿತ್ರವಾಯಿತು. ರೈತನ ಹೊಲದಲ್ಲಿ ಹುಟ್ಟಿದರೂ ಗಂಧದ ಮರ ಸರ್ಕಾರದ ಸ್ವತ್ತು ಎಂಬ ನಿಯಮ ಬಹುಕಾಲ ಇತ್ತು. ಲಾಭ ತನಗಿಲ್ಲ, ಕಳುವಾದರೆ ತೊಂದರೆ ಮಾತ್ರ ತನಗೆ ಎಂದಾದಾಗ ಸಸಿಯನ್ನು ಕಾಪಾಡುವವರು ಯಾರು? ಕರ್ನಾಟಕದಲ್ಲಿ ೨೦೦೧ರ ತಿದ್ದುಪಡಿ ಜಮೀನಿನ ಒಡೆಯನನ್ನೇ ಮರದ ಒಡೆಯನನ್ನಾಗಿ ಮಾಡಿತು. ಆದರೆ ಅದಕ್ಕೆ ಮೊದಲೇ, ೧೯೯೮ರಲ್ಲಿ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಶ್ರೀಗಂಧ ಅಪಾಯಕ್ಕೀಡಾಗಬಲ್ಲ ಮರಗಳ ಸಾಲಿಗೆ ಸೇರಿಹೋಗಿತ್ತು.

ಬೇರೆ ದಾರಿಗಳನ್ನು ವಿಜ್ಞಾನ ಹುಡುಕುತ್ತಿದೆ. ಗಂಧದ ಕಂಪನ್ನು ಹೋಲುವ ಕೃತಕ ದ್ರವ್ಯಗಳು ಬಹಳ ದಿನಗಳಿಂದ ಬಳಕೆಯಲ್ಲಿವೆ. ಅವು ಅಗ್ಗ, ಆದರೆ ಹತ್ತಾರು ಘಟಕಗಳು ಕೂಡಿದ ನಿಜವಾದ ಎಣ್ಣೆಯ ತುಂಬುತನವನ್ನು ಒಂಟಿ ದ್ರವ್ಯ ಕೊಡಲಾರದು. ಮರದಲ್ಲಿ ಸ್ಯಾಂಟಲಾಲನ್ನು ಕಟ್ಟುವ ಜೀನುಗಳನ್ನು ಗುರುತಿಸಿದ ಮೇಲೆ, ಸಕ್ಕರೆಯನ್ನುಂಡು ಸ್ಯಾಂಟಲಾಲನ್ನು ತಯಾರಿಸುವ ಸೂಕ್ಷ್ಮಜೀವಿಗಳನ್ನೂ ರೂಪಿಸಿದ್ದಾರೆ. ಪಶ್ಚಿಮ ಆಸ್ಟ್ರೇಲಿಯದ ಕುನುನುರಾ ಪ್ರದೇಶದಲ್ಲಿ ನಮ್ಮ ಶ್ರೀಗಂಧದ ಜಾತಿಯನ್ನೇ ನೀರುಣಿಸಿ ವಿಸ್ತಾರವಾದ ತೋಪುಗಳಲ್ಲಿ ಬೆಳೆಸಿದ್ದಾರೆ. ಇವೆಲ್ಲ ಕಾಡಿನ ಮರದ ಮೇಲಣ ಭಾರವನ್ನು ಇಳಿಸುವುದಾದರೆ ಸ್ವಾಗತಾರ್ಹವೇ. ಆದರೂ ಮರವನ್ನು ಉಳಿಸಬೇಕಾದರೆ ಮರವನ್ನು ಬೆಳೆಸುವುದರ ಹೊರತು ಬೇರೆ ಉಪಾಯವಿಲ್ಲ.

ಗಂಧದ ಕಂಪನ್ನು ನಾವು ಮೆಚ್ಚುವುದು ಅದು ಅವಸರಪಡುವುದಿಲ್ಲವೆಂದು. ಅದರ ಮರವನ್ನು ನಾವು ಕಳೆದುಕೊಳ್ಳುತ್ತಿರುವುದು ನಾವು ಅವಸರಪಡುತ್ತೇವೆಂದು. ಹಬೆಯ ಒತ್ತಡವನ್ನು ಏರಿಸಿ ಬಟ್ಟಿಯನ್ನು ಬೇಗ ಮುಗಿಸಬಹುದು. ಚೇಗು ಬೆಳೆಯುವ ಮೂವತ್ತು ವರ್ಷಗಳನ್ನು ಮೊಟಕು ಮಾಡುವ ಯಂತ್ರವಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಈ ಲೇಖನವನ್ನು ಓದಿ ಒಂದು ಗಂಧದ ಸಸಿಯನ್ನೂ ಅದರ ಪಕ್ಕದಲ್ಲಿ ಒಂದು ತೊಗರಿ ಗಿಡವನ್ನೂ ನೆಟ್ಟ ವಿದ್ಯಾರ್ಥಿಗೆ, ಆ ಮರದ ಚೇಗು ಕಂಪುಗಟ್ಟುವ ಹೊತ್ತಿಗೆ ನಲವತ್ತಾರು ವರ್ಷವಾಗಿರುತ್ತದೆ. ಅಷ್ಟು ದಿನ ಅದನ್ನು ಕಾಯುವ ಮನಸ್ಸಿದ್ದರೆ, ಶ್ರೀಗಂಧದ ನಾಡೆಂಬ ಹೆಸರು ಬರಿಯ ಹೆಸರಾಗಿ ಉಳಿಯದು.